ಡ್ಯುಯಲ್ ಕ್ರೌನ್ ಹಾಕಿಸಬೇಕೆಂದು ಬಂದ ಒಂದು ಎಂಡ್ಯೂರೋ ಬೈಕಿನ ಪ್ರಕರಣ

ಮೌಂಟನ್ ಬೈಕಿಗೆ ಸಿಂಗಲ್ ಕ್ರೌನ್ ಫೋರ್ಕ್ ಒಳ್ಳೆಯದೋ ಡ್ಯುಯಲ್ ಕ್ರೌನ್ ಒಳ್ಳೆಯದೋ ಅಂತ ಕೇಳುವವರು ಈಗ ಜಾಸ್ತಿ. ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿದು ಪೆಟ್ಟು ನುಂಗುವ ಎರಡು ಕಾಲಿನ ಭಾಗ. ಆ ಕಾಲುಗಳನ್ನು ಮೇಲೆ ಸೇರಿಸುವ ಅಡ್ಡ ತುಂಡು ಕ್ರೌನ್. ಅದು ಒಂದಿದ್ದರೆ ಸಿಂಗಲ್, ಎರಡಿದ್ದರೆ ಡ್ಯುಯಲ್. ಹಾಗೆ ಕೇಳಿದರೆ ಉತ್ತರ ಹೇಳುವುದು ಕಷ್ಟ. ಯಾರ ಬೈಕು, ಎಲ್ಲಿ ಓಡಿಸುತ್ತಾರೆ, ಏನು ತೊಂದರೆ ಅಂತ ಗೊತ್ತಾದ ಮೇಲೆಯೇ ಏನಾದರೂ ಹೇಳಬಹುದು. ಅದಕ್ಕೇ ಇಲ್ಲಿ ಒಂದೇ ಬೈಕಿನ ವಿಷಯ ತೆಗೆದುಕೊಂಡು, ಮೊದಲ ದಿನದಿಂದ ಕೊನೆಯ ನಿರ್ಧಾರದವರೆಗೆ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಸವಾರರು ಒಪ್ಪಿದ್ದಾರೆ. ಅವರ ಹೆಸರು, ಕೆಲಸ, ಫ್ರೇಮಿನ ಕಂಪನಿ, ಫೋರ್ಕಿನ ಕಂಪನಿ ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗದ ಹಾಗೆ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಅಳತೆಗಳನ್ನು ಮುಟ್ಟಿಲ್ಲ.

ಸವಾರರು ಮಲೆನಾಡಿನ ಕಡೆಯವರು. ವಯಸ್ಸು ನಲವತ್ತರ ಆಸುಪಾಸು. ಕೆನಡಾದಲ್ಲಿ ವ್ಯಾಂಕೂವರಿನ ಪಕ್ಕ, ನಾರ್ತ್ ಶೋರ್ ಬೆಟ್ಟಗಳ ಬುಡದಲ್ಲಿ ಮನೆ. ನಾನು ಅದೇ ಕಡೆ ಸಸ್ಪೆನ್ಷನ್ ಸರ್ವಿಸ್ ಮಾಡುವವನು. ಅವರು ಎತ್ತರದ ಆಳು. ಹೆಲ್ಮೆಟ್, ಪ್ಯಾಡ್, ನೀರು ಎಲ್ಲ ಸೇರಿ 98 ಕೆ.ಜಿ. ತೂಗುತ್ತಾರೆ. ಬೈಕು ಎಕ್ಸ್‌ಎಲ್ ಸೈಜಿನ, 29 ಇಂಚಿನ ಚಕ್ರದ ಎಂಡ್ಯೂರೋ, ಅಂದರೆ ತುಳಿದು ಹತ್ತಿ ಜೋರಾಗಿ ಇಳಿಯಲು ಮಾಡಿದ್ದು. ಹಿಂದೆ 165 ಮಿ.ಮೀ., ಮುಂದೆ 170 ಮಿ.ಮೀ. ಟ್ರಾವೆಲ್, ಅಂದರೆ ಸಸ್ಪೆನ್ಷನ್ ಕುಗ್ಗುವ ದೂರ. ಮುಂದಿನದು 38 ಮಿ.ಮೀ. ಸ್ಟ್ಯಾಂಚನ್ (ಫೋರ್ಕಿನ ಮೇಲಿನ ಕೊಳವೆ) ಇರುವ ಸಿಂಗಲ್ ಕ್ರೌನ್ ಫೋರ್ಕ್.

ಓಡಿಸುವ ಜಾಗ ಎರಡು ಬಗೆ. ವಾರದ ನಡುವೆ ಫ್ರಾಮ್ ಬೆಟ್ಟ. ಅಲ್ಲಿ ಲಿಫ್ಟ್ ಇಲ್ಲ. ಮೌಂಟನ್ ಹೈವೇ ಅನ್ನುವ ಜಲ್ಲಿ ರಸ್ತೆಯಲ್ಲಿ ತುಳಿದುಕೊಂಡೇ ಹತ್ತಬೇಕು, ಆಮೇಲೆ ದೇವದಾರು ಮರಗಳ ನಡುವೆ ಬೇರು, ಬಂಡೆ, ಇಕ್ಕಟ್ಟಿನ ತಿರುವುಗಳಲ್ಲಿ ಇಳಿಯಬೇಕು. ಬೇಸಿಗೆಯ ಕೆಲವು ವಾರಾಂತ್ಯ ವಿಸ್ಲರ್ ಬೈಕ್ ಪಾರ್ಕ್. ವ್ಯಾಂಕೂವರಿನಿಂದ ಸುಮಾರು 120 ಕಿ.ಮೀ. ಅಲ್ಲಿ ಲಿಫ್ಟ್ ಇದೆ, ಬೈಕನ್ನು ಅದಕ್ಕೆ ನೇತುಹಾಕಿ ಮೇಲೆ ಹೋಗಿ, ದಿನವಿಡೀ ಇಳಿಯುತ್ತಲೇ ಇರಬಹುದು. ವೇಗ ಜಾಸ್ತಿ, ಮತ್ತು ಸಾವಿರಾರು ಜನ ಒಂದೇ ಕಡೆ ಬ್ರೇಕ್ ಹಿಡಿದು ಹಿಡಿದು ಟ್ರೇಲಿನ ಮೇಲೆ ಸಾಲು ಸಾಲು ಗುಂಡಿ ಬಿದ್ದಿರುತ್ತವೆ.

ಅವರು ಬಂದು ಹೇಳಿದ ತೊಂದರೆ ಮೂರು. ವಿಸ್ಲರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮುಂಗೈ ಕಲ್ಲಿನ ಹಾಗೆ ಗಟ್ಟಿಯಾಗಿ ಬ್ರೇಕ್ ಹಿಡಿಯಲು ಆಗುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಹೇಳಿದ ಕಡೆ ಹೋಗುವುದಿಲ್ಲ. ಮೂರನೆಯದು, ಫೋರ್ಕಿನಿಂದ ಕಿರ್ ಕಿರ್ ಸದ್ದು. ಪರಿಹಾರವನ್ನೂ ಅವರೇ ತಂದಿದ್ದರು. "ಮಾರಾಯ್ರೆ, ಈ ಫೋರ್ಕು ನನ್ನ ಭಾರಕ್ಕೆ ಸಾಕಾಗೋದಿಲ್ಲ. ಡ್ಯುಯಲ್ ಕ್ರೌನ್ ಹಾಕಿಬಿಡಿ" ಅಂದರು. ಸೆಕೆಂಡ್ ಹ್ಯಾಂಡ್ ಫೋರ್ಕ್ ಒಂದನ್ನು ನೋಡಿಯೂ ಇಟ್ಟಿದ್ದರು.

ಅವರ ಮಾತಿನಲ್ಲಿ ಅರ್ಥವಿತ್ತು. ಸಿಂಗಲ್ ಕ್ರೌನ್ ಫೋರ್ಕಿನಲ್ಲಿ ಎರಡು ಸ್ಟ್ಯಾಂಚನ್ ಕೊಳವೆಗಳು ಹೆಡ್‌ಟ್ಯೂಬಿನ, ಅಂದರೆ ಫ್ರೇಮಿನ ಮುಂದಿನ ಚಿಕ್ಕ ಕೊಳವೆಯ, ಕೆಳಗೆ ಇರುವ ಒಂದೇ ಕ್ರೌನಿನಲ್ಲಿ ಕೊನೆಯಾಗುತ್ತವೆ. ಚಕ್ರಕ್ಕೆ ಬಿದ್ದ ಪೆಟ್ಟಿನ ಬಾಗುವ ಬಲವೆಲ್ಲ ಆ ಒಂದು ಜಾಗಕ್ಕೆ, ಅಲ್ಲಿ ಕ್ರೌನಿಗೆ ಕೂತು ಹೆಡ್‌ಟ್ಯೂಬಿನೊಳಗೆ ಮೇಲೆ ಹೋಗುವ ಸ್ಟಿಯರರ್ ಕೊಳವೆಯ ಬುಡಕ್ಕೆ ಬರುತ್ತದೆ. ಡ್ಯುಯಲ್ ಕ್ರೌನಿನಲ್ಲಿ ಕೊಳವೆಗಳು ಹೆಡ್‌ಟ್ಯೂಬಿನ ಪಕ್ಕದಲ್ಲೇ ಮೇಲಕ್ಕೆ ಹೋಗಿ ಇನ್ನೊಂದು ಕ್ರೌನನ್ನೂ ಹಿಡಿಯುತ್ತವೆ. ಅಡಿಕೆ ಕೊಯ್ಯುವ ಉದ್ದ ದೋಟಿಯನ್ನು ಬುಡದಲ್ಲಿ ಒಂದೇ ಕೈಯಲ್ಲಿ ಹಿಡಿಯುವುದಕ್ಕೂ ಎರಡು ಕೈ ದೂರ ದೂರ ಇಟ್ಟು ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಕೊಳವೆಯ ದಪ್ಪ ಇಲ್ಲಿ ಮುಖ್ಯ ಅಲ್ಲ. ಉದಾಹರಣೆಗೆ ರಾಕ್‌ಶಾಕ್ಸ್ ಕಂಪನಿಯ ಸಿಂಗಲ್ ಕ್ರೌನ್ ಜೆಬ್ ಮತ್ತು ಈಗಿನ ಡ್ಯುಯಲ್ ಕ್ರೌನ್ ಬಾಕ್ಸರ್ ಎರಡಕ್ಕೂ 38 ಮಿ.ಮೀ. ಕೊಳವೆಯೇ. ಆದರೂ ಬಾಕ್ಸರ್ ಮುಂದೆ ಹಿಂದೆ ಬಾಗುವುದು ಕಡಿಮೆ. ಆ ಎರಡನೇ ಕ್ರೌನಿನ ಕೆಲಸ ಅದು.

ಬಾಗುವುದು ಕಡಿಮೆಯಾದರೆ ಇನ್ನೊಂದು ಲಾಭವೂ ಇದೆ, ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಫೋರ್ಕ್ ಹಿಂದಕ್ಕೆ ಬಾಗಿದಾಗ ಒಳಗಿನ ಬುಶ್‌ಗಳು (ಕೊಳವೆ ಜಾರುವ ಬಳೆಗಳು) ಕೊಳವೆಯನ್ನು ಓರೆಯಾಗಿ ಒತ್ತುತ್ತವೆ. ಆಗ ಫೋರ್ಕ್ ಸರಾಗವಾಗಿ ಜಾರುವುದಿಲ್ಲ, ಸಣ್ಣ ಪೆಟ್ಟುಗಳೆಲ್ಲ ನೇರ ಕೈಗೆ ಬರುತ್ತವೆ. ಭಾರದ ಸವಾರರು, ಕಡಿದಾದ ಇಳಿಜಾರು, ಗಟ್ಟಿ ಬ್ರೇಕ್, ಈ ಮೂರೂ ಸೇರಿದ ಕಡೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಹಾಗಿದ್ದರೂ ಫೋರ್ಕ್ ಕೊಳ್ಳುವುದನ್ನು ಸ್ವಲ್ಪ ತಡೆಯಿರಿ ಅಂದೆ. ಮೂರು ತೊಂದರೆಗೂ ಕಾರಣ ಒಂದೇ ಅಂತ ಅವರು ನಂಬಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ.

ಮೊದಲು ನೋಡಿದ್ದು ಫ್ರೇಮಿನ ಮ್ಯಾನ್ಯುಯಲ್. ಅಲ್ಲಿ ಎರಡು ಪ್ರಶ್ನೆಗೆ ಉತ್ತರ ಬೇಕು. ಡ್ಯುಯಲ್ ಕ್ರೌನ್ ಹಾಕಬಹುದಾ? ಹಾಕಬಹುದಾದರೆ ಎಷ್ಟು ಉದ್ದದ ಫೋರ್ಕಿನವರೆಗೆ? ಎಷ್ಟೋ ಎಂಡ್ಯೂರೋ ಫ್ರೇಮುಗಳಿಗೆ ಕಂಪನಿಯೇ ಬೇಡ ಅನ್ನುತ್ತದೆ. ಹಾಕಿದರೆ ವಾರಂಟಿ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಹೆಡ್‌ಟ್ಯೂಬಿಗೂ ಅಲ್ಲಿಂದ ಪೆಡಲ್ ಕಡೆ ಇಳಿಯುವ ಡೌನ್‌ಟ್ಯೂಬಿಗೂ ಬೀಳುವ ಬಲದ ಲೆಕ್ಕವೇ ಬೇರೆಯಾಗುತ್ತದೆ. ಈ ಫ್ರೇಮಿಗೆ ಅನುಮತಿ ಇತ್ತು, ಆದರೆ 190 ಮಿ.ಮೀ. ಟ್ರಾವೆಲ್‌ವರೆಗೆ ಮಾತ್ರ. ಅವರು ನೋಡಿಟ್ಟಿದ್ದ ಫೋರ್ಕ್ 203 ಮಿ.ಮೀ. ಅದು ಅಲ್ಲಿಗೆ ಬಿಟ್ಟುಹೋಯಿತು.

ಆಮೇಲೆ ಸದ್ದು. ಮುಂದಿನ ಬ್ರೇಕ್ ಹಿಡಿದು, ಬೈಕನ್ನು ಹಿಂದೆ ಮುಂದೆ ತಳ್ಳುತ್ತಾ, ಬೆರಳ ತುದಿಯನ್ನು ಕ್ರೌನಿಗೆ ಒತ್ತಿ ಹಿಡಿದೆ. ಪ್ರತಿ ಸಲ ಕಿರ್ ಅಂದಾಗ ಬೆರಳಿಗೆ ಸಣ್ಣ ನಡುಕ ಸಿಕ್ಕಿತು. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಹಾಕಿದರೂ ಅದೇ. ಸ್ಟಿಯರರ್, ಕ್ರೌನ್, ಸ್ಟ್ಯಾಂಚನ್ ಮೂರನ್ನೂ ಯಂತ್ರದಲ್ಲಿ ಒತ್ತಿ ಕೂರಿಸಿ ಒಂದೇ ತುಂಡು ಮಾಡಿರುತ್ತಾರಲ್ಲ, ಸಿಎಸ್‌ಯು ಅಂತಾರೆ, ಸದ್ದು ಆ ಒತ್ತಿ ಕೂರಿಸಿದ ಜೋಡಣೆಯಿಂದ ಬರುತ್ತಿತ್ತು. ಉದ್ದ ಟ್ರಾವೆಲ್ಲಿನ ಸಿಂಗಲ್ ಕ್ರೌನುಗಳಲ್ಲಿ ಯಾವ ಕಂಪನಿಯದಾದರೂ ಇದು ಬರಬಹುದಾದ ತೊಂದರೆ. ಡ್ಯುಯಲ್ ಕ್ರೌನಿನಲ್ಲಿ ಕೊಳವೆಗಳನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ, ಒತ್ತಿ ಕೂರಿಸಿದ ಕೊಳವೆ ಇರುವುದಿಲ್ಲ. ಒಂದು ಕೊಳವೆಗೆ ಗೀರು ಬಿದ್ದರೆ ಅದೊಂದನ್ನೇ ಬದಲಿಸಬಹುದು. ಸಿಂಗಲ್‌ನಲ್ಲಿ ಪೂರ್ತಿ ಸಿಎಸ್‌ಯು ಹೋಗುತ್ತದೆ. ಇವರ ಫೋರ್ಕಿಗೆ ವಾರಂಟಿ ಇನ್ನೂ ಇತ್ತು. ಹೊಸ ಸಿಎಸ್‌ಯು ಬಂತು, ಸದ್ದು ನಿಂತಿತು.

ಈಗ ಕೈ ನೋವು. ಸ್ಯಾಗ್ ಅಳೆದಾಗ, ಅಂದರೆ ಸವಾರರು ಬೈಕಿನ ಮೇಲೆ ನಿಂತಾಗ ಫೋರ್ಕ್ ಎಷ್ಟು ಇಳಿಯುತ್ತದೆ ಅಂತ ನೋಡಿದಾಗ, 20 ಮಿ.ಮೀ. ಸಿಕ್ಕಿತು. 170ಕ್ಕೆ ಅದು ಸುಮಾರು 12 ಪ್ರತಿಶತ. ಇಂಥ ಫೋರ್ಕಿಗೆ ಸಾಮಾನ್ಯವಾಗಿ 15ರಿಂದ 20 ಪ್ರತಿಶತ ಇರಬೇಕು. ಫೋರ್ಕಿನೊಳಗೆ ಸ್ಪ್ರಿಂಗಿನ ಕೆಲಸ ಮಾಡುವ ಗಾಳಿ ಅವರ ತೂಕಕ್ಕೆ ಕಂಪನಿ ಹೇಳಿದ್ದಕ್ಕಿಂತ 14 ಪಿಎಸ್‌ಐ ಜಾಸ್ತಿ ಇತ್ತು. ಯಾಕೆ ಇಷ್ಟು ತುಂಬಿಸಿದ್ದೀರಿ ಅಂತ ಕೇಳಿದರೆ, ಫೋರ್ಕ್ ಮುಳುಗುತ್ತದೆ ಅದಕ್ಕೆ ಅಂದರು. ಕುಗ್ಗಿದ ಫೋರ್ಕ್ ಎಷ್ಟು ವೇಗವಾಗಿ ಮೇಲೆ ಬರಬೇಕು ಅಂತ ಹೊಂದಿಸುವ ರಿಬೌಂಡ್ ಡಯಲ್ ನೋಡಿದೆ. ಹೆಚ್ಚುಕಡಿಮೆ ಪೂರ್ತಿ ನಿಧಾನಕ್ಕೆ ತಿರುಗಿಸಿತ್ತು.

ಇಲ್ಲೇ ಗಂಟು ಬಿಚ್ಚಿಕೊಂಡಿತು. ರಿಬೌಂಡ್ ತೀರಾ ನಿಧಾನವಾದರೆ, ಒಂದು ಗುಂಡಿಯಲ್ಲಿ ಕುಗ್ಗಿದ ಫೋರ್ಕ್ ಪೂರ್ತಿ ಮೇಲೆ ಬರುವ ಮೊದಲೇ ಮುಂದಿನ ಗುಂಡಿ ಬರುತ್ತದೆ. ಮತ್ತೆ ಕುಗ್ಗುತ್ತದೆ, ಇನ್ನೂ ಕೆಳಗೆ. ಬ್ರೇಕಿಂಗ್ ಗುಂಡಿಗಳ ಸಾಲು ಮುಗಿಯುವಾಗ ಫೋರ್ಕ್ ಅರ್ಧಕ್ಕಿಂತ ಕೆಳಗೇ ಉಳಿದಿರುತ್ತದೆ. ಸವಾರರಿಗೆ ಅದು ಮುಳುಗಿದ ಹಾಗೆ ಅನ್ನಿಸುತ್ತದೆ. ಅದಕ್ಕೆ ಗಾಳಿ ತುಂಬಿಸುತ್ತಾರೆ. ಗಾಳಿ ಜಾಸ್ತಿಯಾದರೆ ಫೋರ್ಕ್ ಪುಟಿಯುತ್ತದೆ, ಅದಕ್ಕೆ ರಿಬೌಂಡ್ ಇನ್ನೂ ನಿಧಾನ ಮಾಡುತ್ತಾರೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಮುಂಗೈ ಕಲ್ಲಾಗುವ ಹಂತಕ್ಕೆ ಬಂದಿತ್ತು. ಫೋರ್ಕಿನ ಕೆಳಕಾಲಿನೊಳಗಿನ ಎಣ್ಣೆಯೂ ಹಳೆಯದಾಗಿ ಕಪ್ಪಗಾಗಿತ್ತು.

ಎಣ್ಣೆ ಬದಲಿಸಿದೆವು. ಗಾಳಿ ಕಡಿಮೆ ಮಾಡಿ ಸ್ಯಾಗ್ 30 ಮಿ.ಮೀ.ಗೆ ತಂದೆವು. ಕೊನೆಕೊನೆಗೆ ಫೋರ್ಕನ್ನು ಗಟ್ಟಿ ಮಾಡುವ, ಗಾಳಿ ಕೋಣೆಯೊಳಗಿನ ಪ್ಲಾಸ್ಟಿಕ್ ಸ್ಪೇಸರ್ ಒಂದನ್ನು ತೆಗೆದೆವು. ರಿಬೌಂಡ್ ಅನ್ನು ಒಂದೊಂದೇ ಕ್ಲಿಕ್ ವೇಗ ಮಾಡುತ್ತಾ, ಒಂದೇ ಟ್ರೇಲಿನ ಒಂದೇ ತುಂಡನ್ನು ಮತ್ತೆ ಮತ್ತೆ ಓಡಿಸಿ ನೋಡಿದರು. ಮುಂದಿನ ಆಕ್ಸಲ್ ಬಿಗಿಯುವಾಗ ಫೋರ್ಕಿನ ಕಾಲು ಒಳಗೆ ಎಳೆದುಕೊಳ್ಳದ ಹಾಗೆ ನೋಡಿಕೊಂಡೆವು. ಇದಕ್ಕೆಲ್ಲ ಆದ ಖರ್ಚು ಎಣ್ಣೆ ಮತ್ತು ಸೀಲ್ ಕಿಟ್ಟಿನದು ಮಾತ್ರ.

ಮುಂದಿನ ವಿಸ್ಲರ್ ವಾರಾಂತ್ಯದಲ್ಲಿ ಅವರು ಸಂಜೆವರೆಗೆ ಇಳಿದರು. ಕೈ ನೋವು ಬಹುಪಾಲು ಹೋಗಿತ್ತು.

ಇಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಆದರೆ ಎರಡನೇ ತೊಂದರೆ ಉಳಿದೇ ಇತ್ತು. ವಿಸ್ಲರ್ ಪಾರ್ಕಿನ ಗಾರ್ಬಾಂಜೋ ಕಡೆಯ ಮೇಲಿನ ಟ್ರೇಲುಗಳಲ್ಲಿ, ಕಡಿದಾದ ಕಲ್ಲಿನ ಜಾಗದಲ್ಲಿ ಗಟ್ಟಿ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಈಗಲೂ ಹಿಂದಕ್ಕೆ ಎಳೆದ ಹಾಗಾಗಿ, ಕಲ್ಲಿಂದ ಕಲ್ಲಿಗೆ ಜಿಗಿಯುತ್ತಿತ್ತು. ಡಯಲ್ ಯಾವ ಕಡೆ ತಿರುಗಿಸಿದರೂ ಅದು ಹೋಗಲಿಲ್ಲ. ನಾನು ಹಿಂದಿನಿಂದ ಬರುತ್ತಾ ಫೋನಿನಲ್ಲಿ ಹಿಡಿದ ವಿಡಿಯೋ ನಿಧಾನವಾಗಿ ಓಡಿಸಿ ನೋಡಿದಾಗ ಫೋರ್ಕ್ ಬಾಗುವುದು ಕಣ್ಣಿಗೇ ಕಾಣುತ್ತಿತ್ತು. ಇದು ಸೆಟ್ಟಿಂಗ್ ತೊಂದರೆ ಅಲ್ಲ. 98 ಕೆ.ಜಿ. ತೂಕ, ಉದ್ದನೆಯ ಫೋರ್ಕ್, ಒಂದೇ ಕ್ರೌನ್. ಇದರ ಮಟ್ಟಿಗೆ ಅವರು ಮೊದಲು ಹೇಳಿದ್ದು ಸರಿ.

ಹಾಗಾಗಿ ಡ್ಯುಯಲ್ ಕ್ರೌನ್ ಹಾಕಿಯೇ ನೋಡೋಣ ಅಂದುಕೊಂಡೆವು. ಕೊಳ್ಳುವ ಮೊದಲು ಸಾಲ ತಂದು. ಅವರ ಸವಾರಿ ಗೆಳೆಯರೊಬ್ಬರ ಹತ್ತಿರ ಏರ್ ಶಾಫ್ಟ್ (ಟ್ರಾವೆಲ್ ಎಷ್ಟೆಂದು ನಿಗದಿ ಮಾಡುವ ಒಳಗಿನ ದಂಡ) ಬದಲಿಸಿ 190 ಮಿ.ಮೀ. ಮಾಡಿದ್ದ ಫೋರ್ಕ್ ಇತ್ತು.

ಹಾಕುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬಜೆಟ್ ಲೆಕ್ಕ ಹಾಕುವಾಗ ಫೋರ್ಕಿನ ಬೆಲೆ ಒಂದನ್ನೇ ನೋಡುವವರು ಬಹಳ. ಸಿಂಗಲ್ ಕ್ರೌನಿನ ಸ್ಟಿಯರರ್ ಕೆಳಗೆ ಒಂದೂವರೆ ಇಂಚು ದಪ್ಪ. ಡ್ಯುಯಲ್ ಕ್ರೌನಿನದು ಮೇಲಿಂದ ಕೆಳಗೂ ಒಂದು ಇಂಚು ಮತ್ತು ಎಂಟನೇ ಒಂದು ಭಾಗ. ಕೆಳಗಿನ ಬೇರಿಂಗಿಗೆ ಅದನ್ನು ಕೂರಿಸಲು ಬೇರೆ ಕ್ರೌನ್ ರೇಸ್, ಅಂದರೆ ಬೇರಿಂಗ್ ಕೂರುವ ಬಳೆ, ಬೇಕು. ಆಕ್ಸಲ್ 15 ಮಿ.ಮೀ. ಬದಲು 20 ಮಿ.ಮೀ., ಹಾಗಾಗಿ ಚಕ್ರದ ನಡುವಿನ ಹಬ್ಬಿನ ತುದಿ ಕ್ಯಾಪುಗಳನ್ನು ಬದಲಿಸಬೇಕು. ಎಲ್ಲ ಹಬ್ಬಿಗೂ ಆ ಕ್ಯಾಪ್ ಸಿಗುವುದಿಲ್ಲ, ಮೊದಲೇ ನೋಡಿಕೊಳ್ಳಿ. ಹ್ಯಾಂಡಲ್ ಹಿಡಿಯುವ ಸ್ಟೆಮ್, ಮೇಲಿನ ಕ್ರೌನಿಗೇ ಬೋಲ್ಟ್ ಆಗುವ ಡೈರೆಕ್ಟ್ ಮೌಂಟ್ ಬಗೆಯದು. ಬ್ರೇಕ್ ಕ್ಯಾಲಿಪರಿನ ಅಡಾಪ್ಟರ್ ಬೇರೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಕೊಳವೆ ಹೋಗಿ ಡೌನ್‌ಟ್ಯೂಬಿಗೆ ಬಡಿಯದ ಹಾಗೆ ಕೊಳವೆಗಳಿಗೆ ರಬ್ಬರ್ ಬಂಪರ್ ಹಾಕಬೇಕು, ಮತ್ತು ಅದು ಫ್ರೇಮಿನ ಗಟ್ಟಿ ಜಾಗಕ್ಕೇ ತಾಗುತ್ತದಾ ಅಂತ ಕೈಯಿಂದ ತಿರುಗಿಸಿ ನೋಡಬೇಕು.

ಇನ್ನೊಂದು. ಡ್ಯುಯಲ್ ಕ್ರೌನಿನಲ್ಲಿ ಕೊಳವೆಗಳನ್ನು ಮೇಲೆ ಕೆಳಗೆ ಸರಿಸಿ ಬೈಕಿನ ಮುಂಭಾಗದ ಎತ್ತರ ಬದಲಿಸಬಹುದು ಅನ್ನುತ್ತಾರೆ. ನಿಜ. ಆದರೆ ಎಕ್ಸ್‌ಎಲ್ ಫ್ರೇಮಿನ ಹೆಡ್‌ಟ್ಯೂಬ್ ಉದ್ದ. ಎರಡೂ ಕ್ರೌನುಗಳು ಕೂತ ಮೇಲೆ ಸರಿಸಲು ಕೊಳವೆ ಉಳಿಯುವುದೇ ಸ್ವಲ್ಪ. ಸರಿಸಿದರೂ ಗಾಳಿ ಪೂರ್ತಿ ಬಿಟ್ಟು, ಫೋರ್ಕನ್ನು ಕೊನೆವರೆಗೆ ಒತ್ತಿ, ಟೈರು ಕೆಳಗಿನ ಕ್ರೌನಿಗೆ ತಾಗುತ್ತದಾ ಅಂತ ನೋಡಲೇಬೇಕು. ತಾಗಿದರೆ ಓಡಿಸುವಾಗ ಚಕ್ರ ಅಲ್ಲೇ ಹಿಡಿದುಕೊಂಡು ಸವಾರರನ್ನು ಎತ್ತಿ ಎಸೆಯುತ್ತದೆ.

ವಿಸ್ಲರಿನಲ್ಲಿ ಫಲಿತಾಂಶ ಸ್ಪಷ್ಟವಾಗಿತ್ತು. ಅದೇ ಕಡಿದಾದ ಕಲ್ಲಿನ ಜಾಗದಲ್ಲಿ ಬ್ರೇಕ್ ಹಿಡಿದಾಗಲೂ ಮುಂದಿನ ಚಕ್ರ ನೆಲ ಬಿಡಲಿಲ್ಲ. ಅವರು ಇಳಿದು ಬಂದು ಹೆಲ್ಮೆಟ್ ತೆಗೆಯುವ ಮೊದಲೇ "ಇದು ಬೇರೆ ಬೈಕೇ ಮಾರಾಯ್ರೆ" ಅಂದರು. ಆ ಸಂತೋಷ ಸುಮ್ನೆ ಅಲ್ಲ, ಅದಕ್ಕೆ ಕಾರಣ ಇತ್ತು.

ಆದರೆ ಮಧ್ಯಾಹ್ನದ ನಂತರ ಇನ್ನೊಂದು ವಿಷಯ ಹೊರಗೆ ಬಂತು. ಮುಂಭಾಗ ಇಷ್ಟು ಸಮಾಧಾನವಾಗಿದ್ದರಿಂದ ಅವರು ಮೊದಲಿಗಿಂತ ವೇಗವಾಗಿ ಹೋಗಲು ಶುರು ಮಾಡಿದರು. ಹಿಂದಿನ 165 ಮಿ.ಮೀ. ಅದಕ್ಕೆ ಸಾಕಾಗಲಿಲ್ಲ. ದೊಡ್ಡ ಗುಂಡಿಗಳಲ್ಲಿ ಹಿಂದಿನ ಚಕ್ರ ಒದೆಯಿತು, ಬೈಕು ಅಡ್ಡ ಹೋಯಿತು. ಮುಂದಿನ ಫೋರ್ಕ್ ಹೋಗು ಅನ್ನುತ್ತಿದ್ದರೆ ಹಿಂದಿನ ಶಾಕ್ ಬೇಡ ಅನ್ನುತ್ತಿತ್ತು. ಅಪಾಯ ಇರುವುದು ಇಲ್ಲೇ, ಯಾಕೆಂದರೆ ಸವಾರರಿಗೆ ಧೈರ್ಯ ಬರುವುದು ಕೈಯಿಂದ, ಅಂದರೆ ಮುಂದಿನ ಫೋರ್ಕಿನಿಂದ. ಹಿಂದಿನದು ಕೈಕೊಟ್ಟಾಗ ತಡವಾಗಿರುತ್ತದೆ.

ಆ ವಾರದ ನಡುವೆ ಅದೇ ಫೋರ್ಕಿನಲ್ಲಿ ಫ್ರಾಮ್ ಹತ್ತಿದರು. 170ರಿಂದ 190ಕ್ಕೆ ಹೋದಾಗ ಮುಂಭಾಗ ಸುಮಾರು 20 ಮಿ.ಮೀ. ಎದ್ದಿತ್ತು. ಇಷ್ಟಕ್ಕೆ ಹೆಡ್ ಆಂಗಲ್, ಅಂದರೆ ಹೆಡ್‌ಟ್ಯೂಬಿನ ಕೋನ, 64 ಡಿಗ್ರಿಯಿಂದ 63ಕ್ಕೆ ಇಳಿಯುತ್ತದೆ, ಪೆಡಲ್ ಅಚ್ಚು ಆರೇಳು ಮಿ.ಮೀ. ಮೇಲೇಳುತ್ತದೆ. ಸೀಟಿನ ಕೋನವೂ ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಕಾಗದದಲ್ಲಿ ಚಿಕ್ಕದು. ಹತ್ತುವಾಗ ಹಾಗಲ್ಲ. ಭಾರ ಹಿಂದೆ ಬಿದ್ದು ಮುಂದಿನ ಚಕ್ರ ಹಗುರಾಗಿ ಆಚೀಚೆ ಅಲೆಯಿತು. ಫೋರ್ಕಿನ ತೂಕವೂ ಅರ್ಧ ಕೆ.ಜಿ.ಯಷ್ಟು ಜಾಸ್ತಿ.

ಇಳಿಯುವಾಗ ಇಕ್ಕಟ್ಟಿನ ತಿರುವೊಂದರಲ್ಲಿ, ಮರದ ಬುಡಕ್ಕೆ ಸುತ್ತು ಹಾಕಬೇಕಾದ ಕಡೆ, ಹ್ಯಾಂಡಲ್ ತಿರುಗಿಸುತ್ತಾ ಹೋದರು, ರಬ್ಬರ್ ಬಂಪರ್ ಡೌನ್‌ಟ್ಯೂಬಿಗೆ ತಾಗಿತು, ಅಲ್ಲಿಂದ ಮುಂದೆ ತಿರುಗಲಿಲ್ಲ. ವೇಗ ಇರಲಿಲ್ಲ. ಹಾಗೇ ಪಕ್ಕಕ್ಕೆ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಎದ್ದು ನೋಡಿದರೆ ಹ್ಯಾಂಡಲ್ ಒಂದು ಕಡೆ, ಚಕ್ರ ಇನ್ನೊಂದು ಕಡೆ ನೋಡುತ್ತಿತ್ತು. ಕ್ರೌನುಗಳು ಕೊಳವೆಯ ಮೇಲೆ ಜಾರಿ ತಿರುಚಿಕೊಂಡಿದ್ದವು. ಬೋಲ್ಟ್ ಸಡಿಲಿಸಿ, ನೇರ ಮಾಡಿ, ಮತ್ತೆ ಬಿಗಿದರು. ಆಮೇಲೆ ಫೋರ್ಕ್ ಯಾಕೋ ಬಿಗಿಯಾಗಿ ಜಾರುತ್ತಿದೆ ಅಂತ ನನ್ನ ಹತ್ತಿರ ತಂದರು. ಟಾರ್ಕ್ ರೆಂಚ್ (ಎಷ್ಟು ಬಿಗಿದೆವು ಅಂತ ಅಳೆಯುವ ಸ್ಪ್ಯಾನರ್) ಇಲ್ಲದೆ ಕೆಳಗಿನ ಕ್ರೌನನ್ನು ಜಾಸ್ತಿ ಬಿಗಿದಿದ್ದರು. ಕೊಳವೆಯ ಗೋಡೆ ತೆಳು, ಒತ್ತಿದರೆ ಒಳಗೆ ಓಡಾಡುವ ಭಾಗಗಳು ಹಿಡಿದುಕೊಳ್ಳುತ್ತವೆ. ಕ್ರೌನಿನ ಮೇಲೆ ಬರೆದಿರುವ ಅಳತೆಗೆ ಬಿಗಿದ ಮೇಲೆ ಸರಿಯಾಯಿತು. ಡ್ಯುಯಲ್ ಕ್ರೌನ್ ಇಟ್ಟುಕೊಳ್ಳುವವರ ಬ್ಯಾಗಿನಲ್ಲಿ ಒಂದು ಚಿಕ್ಕ ಟಾರ್ಕ್ ರೆಂಚ್ ಇರಲೇಬೇಕು.

ನಿರ್ಧಾರ ಮಾಡುವ ದಿನ ಕೂತು ಅವರ ಫೋನಿನಲ್ಲಿದ್ದ ಹಿಂದಿನ ವರ್ಷದ ಸವಾರಿಗಳನ್ನು ತೆಗೆದು ನೋಡಿದೆವು. ಬಹುಪಾಲು ಫ್ರಾಮ್, ಅದೂ ತುಳಿದು ಹತ್ತಿದ್ದು. ವಿಸ್ಲರ್ ಪಾರ್ಕ್ ತೆರೆದಿರುವುದು ಮೇ ನಡುವಿನಿಂದ ಅಕ್ಟೋಬರ್ ಶುರುವಿನವರೆಗೆ. ನಾರ್ತ್ ಶೋರಿನಲ್ಲಿ ಚಳಿಗಾಲವೆಲ್ಲ ಮಳೆಯಲ್ಲೇ ಓಡಿಸುತ್ತಾರೆ. ಬೇಸಿಗೆಗೆ ಒಂದು ಫೋರ್ಕ್, ಚಳಿಗಾಲಕ್ಕೆ ಒಂದು ಅಂತ ಬದಲಿಸುವ ಯೋಚನೆಯೂ ಬಂತು. ಅದೇನೂ ಅಸಾಧ್ಯ ಅಲ್ಲ. ಎರಡೂ ಫೋರ್ಕಿಗೆ ಅವುಗಳದೇ ಕ್ರೌನ್ ರೇಸ್ ಹಾಕಿಟ್ಟರೆ ಬೇರಿಂಗ್ ಹಾಗೇ ಉಳಿಯುತ್ತದೆ. ಆದರೆ ಬೇಸಿಗೆಯಲ್ಲೂ ವಾರದ ನಡುವೆ ಫ್ರಾಮ್ ಹತ್ತುವುದು ತಪ್ಪುವುದಿಲ್ಲವಲ್ಲ. ಹಿಂದಿನ ಚಕ್ರದ ತೊಂದರೆಯಂತೂ ಯಾವ ಫೋರ್ಕ್ ಹಾಕಿದರೂ ಹೋಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರು. ಈ ಬೈಕಿಗೆ ಸಿಂಗಲ್ ಕ್ರೌನೇ ಇರಲಿ ಅಂದೆ. ಫೋರ್ಕ್, ಸ್ಟೆಮ್, ಕ್ಯಾಪ್, ಅಡಾಪ್ಟರ್ ಎಲ್ಲ ಸೇರಿ ಆಗುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ, ಸೀಸನ್ ಮುಗಿಯುವಾಗ ಇಳಿಯಲೆಂದೇ ಮಾಡಿದ ಹಳೆಯ ಡೌನ್‌ಹಿಲ್ ಬೈಕ್ ಒಂದು ಸಿಗಬಹುದು, ಹಿಂದೆಯೂ ಮುಂದೆಯೂ 200 ಮಿ.ಮೀ. ಇರುವಂಥದ್ದು. ಅಲ್ಲಿವರೆಗೆ ಪಾರ್ಕಿನಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಅವರಿಗೆ ತಕ್ಷಣ ಒಪ್ಪಿಗೆಯಾಗಲಿಲ್ಲ. ವಿಸ್ಲರಿನ ಆ ಒಂದು ದಿನ ಅವರ ಕೈಯಲ್ಲಿ ಇನ್ನೂ ಉಳಿದಿತ್ತು. ಕೊನೆಗೆ ಒಂದು ದಿನ ಬಾಡಿಗೆ ಡೌನ್‌ಹಿಲ್ ಬೈಕಿನಲ್ಲಿ ಅದೇ ಟ್ರೇಲುಗಳನ್ನು ಇಳಿದು ಬಂದ ಮೇಲೆ ಮನಸ್ಸು ಗಟ್ಟಿ ಮಾಡಿದರು. ಹಿಂದೆ ಮುಂದೆ ಒಂದೇ ಸಮ ಇರುವುದು ಹೇಗಿರುತ್ತದೆ ಅಂತ ಆಗ ಗೊತ್ತಾಯಿತು ಅಂದರು. ಗೆಳೆಯರ ಫೋರ್ಕ್ ವಾಪಸ್ ಹೋಯಿತು. ಶರತ್ಕಾಲದಲ್ಲಿ ಒಂದು ಹಳೆಯ ಡೌನ್‌ಹಿಲ್ ಬೈಕ್ ಸಿಕ್ಕಿತು. ಎಂಡ್ಯೂರೋ ಬೈಕು 170ರಲ್ಲೇ, ಸಿಂಗಲ್ ಕ್ರೌನಿನಲ್ಲೇ ಇದೆ. ಹೊಸ ಸಿಎಸ್‌ಯು ಈವರೆಗೆ ಸದ್ದು ಮಾಡಿಲ್ಲ.

ಇದೇ ಸವಾರರ ಬೈಕಿನ ಹಿಂದೆ 180ರಷ್ಟು ಟ್ರಾವೆಲ್ ಇದ್ದಿದ್ದರೆ, ಅವರು ಫ್ರಾಮ್ ಬಿಟ್ಟು ಲಿಫ್ಟ್ ಇರುವ ಕಡೆ ಮಾತ್ರ ಓಡಿಸುವವರಾಗಿದ್ದರೆ, ನಾನೇ ಡ್ಯುಯಲ್ ಕ್ರೌನ್ ಹಾಕಿ ಅನ್ನುತ್ತಿದ್ದೆ. 60 ಕೆ.ಜಿ. ತೂಗುವವರು ಇದೇ ಪ್ರಶ್ನೆ ತಂದಿದ್ದರೆ ಸಾಲದ ಫೋರ್ಕಿನವರೆಗೆ ಹೋಗುತ್ತಲೂ ಇರಲಿಲ್ಲ, ಬಹುಶಃ ಗಾಳಿ ಮತ್ತು ರಿಬೌಂಡಿಗೇ ಮುಗಿಯುತ್ತಿತ್ತು. ಬೆಂಗಳೂರಿನಿಂದ, ಮಂಗಳೂರಿನಿಂದ ನನಗೆ ಇದೇ ಪ್ರಶ್ನೆ ಕಳಿಸುವ ಗೆಳೆಯರಿದ್ದಾರೆ. ಕರ್ನಾಟಕದಲ್ಲಿ ನಮ್ಮ ಕಡೆ ತುಳಿದು ಹತ್ತಿಯೇ ಇಳಿಯಬೇಕು, ಇಲ್ಲವೇ ಯಾರದ್ದಾದರೂ ಜೀಪಿನಲ್ಲಿ ಬೈಕ್ ಏರಿಸಬೇಕು. ಫೋರ್ಕ್ ಕೆಟ್ಟರೆ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು. ಅವರಿಗೆ ನಾನು ಹೇಳುವುದು, ಮೊದಲು ಫೋರ್ಕಿಗೆ ಗಾಳಿ ತುಂಬುವ ಶಾಕ್ ಪಂಪ್ ಒಂದು ತಗೊಳ್ಳಿ, ಸ್ಯಾಗ್ ಅಳೆದು ನನಗೆ ಕಳಿಸಿ, ಜೊತೆಗೆ ಫ್ರೇಮ್ ಮ್ಯಾನ್ಯುಯಲ್ಲಿನಲ್ಲಿ ಫೋರ್ಕಿನ ಬಗ್ಗೆ ಬರೆದಿರುವ ಪುಟದ ಫೋಟೋ. ಅದೆರಡೂ ಬಂದ ಮೇಲೆ ಮಾತಾಡೋಣ.